ಚಿತ್ರದಿಂದ ಅಕ್ಷರಕ್ಕೆ: ಡಿಜಿಟಲ್ ಕಾಲದ ಓದು ಮತ್ತು ಗ್ರಾಮ ಪಂಚಾಯತಿಯ ಹೊಣೆ

ಗ್ರಾಮ ಪಂಚಾಯತಿಗಳ ಚುನಾಯಿತ ಸದಸ್ಯರಿಗಾಗಿ ಅಧ್ಯಯನ ಪಾಠ

ಪೀಠಿಕೆ

ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯು ಪಂಚಾಯತಿಗಳಿಗೆ ಸಂಬಂಧಿಸಿದ 29 ವಿಷಯಗಳನ್ನು ಗುರುತಿಸಿದೆ. ಅವುಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವು 17ನೆಯದು, ವಯಸ್ಕರ ಹಾಗೂ ಅನೌಪಚಾರಿಕ ಶಿಕ್ಷಣವು 19ನೆಯದು, ಗ್ರಂಥಾಲಯವು 20ನೆಯದು. ರಸ್ತೆ, ಚರಂಡಿ, ಕುಡಿಯುವ ನೀರು ಮತ್ತು ಬೀದಿದೀಪಗಳ ಚರ್ಚೆಯಲ್ಲಿ ಸಭೆಯ ಸಮಯವು ಮುಗಿದುಹೋಗುವುದರಿಂದ ಈ ಮೂರು ವಿಷಯಗಳು ನಡಾವಳಿಯ ಕೊನೆಯ ಸಾಲಿಗೆ ಸರಿಯುವುದು ಸಾಮಾನ್ಯವಾಗಿದೆ.

2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಸಾಕ್ಷರತಾ ಪ್ರಮಾಣವು ಸುಮಾರು ಶೇ. 68 ಇದ್ದು, ಮಹಿಳೆಯರಲ್ಲಿ ಅದು ಶೇ. 60ಕ್ಕಿಂತಲೂ ಕಡಿಮೆ ಇತ್ತು. ಅಂದು ಓದಲು ಬಾರದ ತಾಯಂದಿರ ಮಕ್ಕಳು ಇಂದು ಶಾಲೆಯಲ್ಲಿದ್ದಾರೆ; ಅವರ ಮನೆಗಳಿಗೆ ಪುಸ್ತಕಕ್ಕಿಂತ ಮೊದಲೇ ಮೊಬೈಲ್ ಬಂದಿದೆ. ಅಕ್ಷರವನ್ನು ಕೂಡಿಸಿ ಓದಲು ಬಾರದ ಮಗುವೂ ಪರದೆಯ ಮೇಲಿನ ಗುರುತನ್ನು ನೋಡಿ ತನಗೆ ಬೇಕಾದ ವಿಡಿಯೊವನ್ನು ತೆರೆಯಬಲ್ಲದು. ಚಿತ್ರ ಮತ್ತು ವಿಡಿಯೊಗಳು ಮಗುವನ್ನು ಓದಿನ ಕಡೆಗೆ ಕರೆತರುತ್ತವೆಯೇ, ಅಥವಾ ಓದಿನ ಸ್ಥಾನವನ್ನೇ ಆಕ್ರಮಿಸುತ್ತವೆಯೇ? ಶಾಲೆಯ ಗೋಡೆ ಬರಹ, ಗ್ರಂಥಾಲಯದ ದೂರದರ್ಶನ, ಸೂಚನಾ ಫಲಕ ಇವುಗಳಿಗೆ ಹಣ ಮಂಜೂರು ಮಾಡುವವರು ಸದಸ್ಯರೇ ಆಗಿರುವುದರಿಂದ, ಈ ಪ್ರಶ್ನೆಯು ಶಿಕ್ಷಕರಿಗೆ ಮಾತ್ರ ಸೇರಿದ್ದಲ್ಲ.

1. ಜಿಲ್ಲೆಯ ಬಂಡೆಗಳು ಹೇಳುವ ಪಾಠ

ಗಂಗಾವತಿ ತಾಲೂಕಿನ ಹಿರೇಬೆಣಕಲ್ ಬೆಟ್ಟದಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳೊಂದಿಗೆ ಕೆಂಪು ಬಣ್ಣದ ಬಂಡೆಚಿತ್ರಗಳೂ ಇವೆ. ಅಲ್ಲಿಗೆ ಹೋದ ಯಾರೇ ಆಗಲಿ, ಶಾಲೆಗೆ ಹೋಗದವರೂ ಸಹ, ಇದು ಮನುಷ್ಯ, ಇದು ಪ್ರಾಣಿ ಎಂದು ಗುರುತಿಸಬಲ್ಲರು. ಆದರೆ ಆ ಚಿತ್ರಗಳನ್ನು ಬರೆದವರು ಏನನ್ನು ತಿಳಿಸಲು ಬಯಸಿದ್ದರು ಎಂಬುದನ್ನು ಖಚಿತವಾಗಿ ಹೇಳುವುದು ವಿದ್ವಾಂಸರಿಗೂ ಕಷ್ಟ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಹಾಗೂ ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಅವು ಬ್ರಾಹ್ಮೀ ಲಿಪಿಯಲ್ಲಿದ್ದು, ನೋಡಲು ಹೋದವರಿಗೆ ಗೀರುಗಳಂತೆ ಕಾಣುತ್ತವೆ. ಆದರೆ ಲಿಪಿಯನ್ನು ಕಲಿತವರಿಂದಾಗಿ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಅರಸನ ಮಾತು ಇಂದು ವಾಕ್ಯ ವಾಕ್ಯವಾಗಿ ತಿಳಿದಿದೆ.

ಚಿತ್ರವು ಕಲಿಯದವರಿಗೂ ಬೇಗನೆ ಎಟಕುತ್ತದೆ, ಆದರೆ ಅದರ ಅರ್ಥ ಸಡಿಲ. ಅಕ್ಷರವನ್ನು ಶ್ರಮಪಟ್ಟು ಕಲಿಯಬೇಕು, ಆದರೆ ಅದರ ಅರ್ಥ ಖಚಿತ. ಪಡಿತರ ಚೀಟಿಯ ಷರತ್ತು, ಸಾಲದ ಪತ್ರದ ಬಡ್ಡಿದರ, ಔಷಧದ ಪ್ರಮಾಣ ಇವು ಯಾವುವೂ ಕೇವಲ ಚಿತ್ರದಿಂದ ತಿಳಿಯುವಂಥವಲ್ಲ. ಓದು ಬಾರದವರು ಈ ಮೂರಕ್ಕೂ ಇನ್ನೊಬ್ಬರ ಮಾತನ್ನು ನಂಬಬೇಕಾಗುತ್ತದೆ.

ಎರಡನ್ನೂ ಜೋಡಿಸುವ ಜಾಣ್ಮೆ ನಮ್ಮ ಹಿರಿಯರಿಗಿತ್ತು. ಅನೇಕ ಊರುಗಳಲ್ಲಿರುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ, ಅದರ ಮೇಲೆ ಸೂರ್ಯಚಂದ್ರರು. ಪಟ್ಟಿಕೆಗಳ ನಡುವೆ ಶಾಸನವಿದ್ದಲ್ಲಿ ವೀರನ ಹೆಸರೂ ಕಾಳಗದ ಕಾರಣವೂ ತಿಳಿಯುತ್ತವೆ. ಶಾಸನವಿಲ್ಲದಲ್ಲಿ ಯಾರೋ ಒಬ್ಬ ವೀರ ಎಂಬಷ್ಟೇ ಉಳಿಯುತ್ತದೆ.

ತೊಗಲುಗೊಂಬೆಯಾಟವೂ ಇದೇ ತತ್ವದ ಮೇಲೆ ನಿಂತಿದೆ. ಕೊಪ್ಪಳ ತಾಲೂಕಿನ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿದೆ. ಬಿಳಿ ಪರದೆ, ಹಿಂದಿನಿಂದ ಬೀಳುವ ಬೆಳಕು, ಬಣ್ಣದ ಗೊಂಬೆ ಇವಿಷ್ಟೇ ಇದ್ದರೆ ಆಟವಾಗುವುದಿಲ್ಲ. ಹಾಡು ಮತ್ತು ಮಾತು ಬೇಕು. ಪರದೆಯ ಮುಂದೆ ಕುಳಿತವರ ಕಣ್ಣು ಮತ್ತು ಕಿವಿ ಒಂದೇ ಕಥೆಯ ಮೇಲೆ ನಿಂತಾಗ ಕಥೆಯು ಮನಸ್ಸಿನಲ್ಲಿ ಉಳಿಯುತ್ತದೆ.

2. ಕನ್ನಡ ಲಿಪಿಯು ಕಣ್ಣಿಗೆ ಒಡ್ಡುವ ಕೆಲಸ

ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ ಎಂಬುದು ವಾಡಿಕೆಯ ಮಾತು. ಆದರೆ ಮಗುವು ಗುರುತಿಸಬೇಕಾದ ರೂಪಗಳು ಅಷ್ಟೇ ಅಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತವಿದೆ, ಒತ್ತಕ್ಷರವಿದೆ; ಎಲ್ಲ ಸೇರಿದರೆ ಸಂಖ್ಯೆಯು ನೂರಾರು ಆಗುತ್ತದೆ. ದ ಮತ್ತು ಧ, ಪ ಮತ್ತು ಷ, ಬ ಮತ್ತು ಭ, ಎ ಮತ್ತು ಏ ಇವುಗಳ ನಡುವಿನ ಭೇದವು ಒಂದು ಸಣ್ಣ ಗೀರು ಅಥವಾ ಒಂದು ತಿರುವು ಮಾತ್ರ. 'ಸೂರ್ಯ' ಎಂಬ ಪದದಲ್ಲಿ ರಕಾರವನ್ನು ಯಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಆದರೆ ಅರ್ಕಾವೊತ್ತನ್ನು ಯಕಾರದ ನಂತರ ಬರೆಯುತ್ತೇವೆ. 'ಅಕ್ಕ' ಎಂಬಲ್ಲಿ ಕಣ್ಣು ಬಲಕ್ಕೆ ಸಾಗುವುದರ ಜೊತೆಗೆ ಕೆಳಕ್ಕೂ ಇಳಿಯಬೇಕು. ಕನ್ನಡ ಮಾಧ್ಯಮದ ಮಕ್ಕಳ ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರ ರೂಪಗಳ ಪೂರ್ಣ ಕಲಿಕೆಯು ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ಸಾಗುತ್ತದೆ ಎಂಬುದನ್ನು ತೋರಿಸಿತು. ಆದ್ದರಿಂದ ಮೂರನೆಯ ತರಗತಿಯ ಮಗುವು ಒತ್ತಕ್ಷರದಲ್ಲಿ ತಡವರಿಸಿದರೆ ಅದನ್ನು ದಡ್ಡತನವೆಂದು ಭಾವಿಸತಕ್ಕದ್ದಲ್ಲ.

ಈ ಹೊರೆಯನ್ನು ಹಗುರಗೊಳಿಸಲು ಕರ್ನಾಟಕವು ಕಂಡುಕೊಂಡ ದಾರಿಯೇ ನಲಿಕಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಆರಂಭವಾದ ಈ ಪದ್ಧತಿಯು ನಂತರ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಇದರಲ್ಲಿ ಮಗುವು 'ಅ ಆ ಇ ಈ' ಎಂಬ ಕ್ರಮದಿಂದ ಆರಂಭಿಸುವುದಿಲ್ಲ. 'ರ ಗ ಸ ದ ಅ' ಎಂಬ ಗುಂಪಿನಿಂದ ಆರಂಭಿಸುತ್ತದೆ. ಈ ಐದು ಅಕ್ಷರಗಳು ಬಂದ ಕೂಡಲೇ ಸರ, ರಸ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಓದಬಹುದು. ಕಲಿಕಾ ಏಣಿಯ ಮೆಟ್ಟಿಲುಗಳಲ್ಲಿ ಚಿತ್ರದ ಗುರುತುಗಳಿರುವುದರಿಂದ, ಓದಲು ಬಾರದ ಮಗುವೂ ತನ್ನ ಮುಂದಿನ ಕಾರ್ಡು ಯಾವುದೆಂದು ತಾನೇ ಹುಡುಕಿಕೊಳ್ಳುತ್ತದೆ.

ಈ ಅಂಶವು ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಒಣಬೇಸಾಯದ ಊರುಗಳಿಂದಲೂ ತಾಂಡಾಗಳಿಂದಲೂ ಕುಟುಂಬಗಳು ಗುಳೆ ಹೋಗುತ್ತವೆ. ಹಿಂತಿರುಗಿದ ಮಗುವು ಇಡೀ ತರಗತಿಯೊಂದಿಗೆ ಓಡಬೇಕಾದಲ್ಲಿ ಹಿಂದೆ ಬೀಳುತ್ತದೆ. ಏಣಿಯಲ್ಲಿಯಾದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಗಂಗಾವತಿ ಭಾಗದ ಕ್ಯಾಂಪುಗಳಲ್ಲಿ ಅನೇಕರ ಮನೆಮಾತು ತೆಲುಗು, ಪಟ್ಟಣಗಳಲ್ಲಿ ಹಲವರದು ಉರ್ದು. ಇಂಥ ಮಕ್ಕಳಿಗೆ ಚಿತ್ರವೇ ಎರಡು ಭಾಷೆಗಳ ನಡುವಿನ ಸೇತುವೆ. ಕನ್ನಡದ ಮನೆಯ ಮಗುವೂ 'ಮನಿ', 'ಸಾಲಿ' ಎಂದು ಆಡಿ, ಪುಸ್ತಕದಲ್ಲಿ 'ಮನೆ', 'ಶಾಲೆ' ಎಂದು ಓದಬೇಕಾಗುತ್ತದೆ.

3. ಚಿತ್ರವು ನೆರವಾಗುವುದು ಯಾವಾಗ, ಅಡ್ಡಿಯಾಗುವುದು ಯಾವಾಗ

ಮಕ್ಕಳ ಪಠ್ಯದಲ್ಲಿ ಚಿತ್ರವನ್ನು ಬಳಸುವ ವಿಚಾರವು ಹೊಸದಲ್ಲ. ಯುರೋಪಿನ ಶಿಕ್ಷಣತಜ್ಞ ಕೊಮೇನಿಯಸ್ 1658ರಲ್ಲಿಯೇ ಚಿತ್ರಸಹಿತ ಪಠ್ಯಪುಸ್ತಕವನ್ನು ಪ್ರಕಟಿಸಿದನು. ಕೆನಡಾದ ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪದವೂ ಅದರ ಚಿತ್ರವೂ ನೆನಪಿನಲ್ಲಿ ಎರಡು ಬೇರೆ ದಾರಿಗಳಲ್ಲಿ ದಾಖಲಾಗುತ್ತವೆ, ಒಂದು ದಾರಿ ಮಸುಕಾದರೂ ಇನ್ನೊಂದರಿಂದ ನೆನಪು ಮರಳುತ್ತದೆ ಎಂದು ವಿವರಿಸಿದರು. ಅಮೆರಿಕದ ರಿಚರ್ಡ್ ಮೇಯರ್ ಅವರ ಸಂಶೋಧನೆಯು ಇದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಿತು: ವಿಷಯಕ್ಕೆ ಸಂಬಂಧಿಸದ ಅಲಂಕಾರ, ಹಿನ್ನೆಲೆ ಸಂಗೀತ, ಚಲಿಸುವ ಆಕೃತಿಗಳು ಹೆಚ್ಚಿದಂತೆ ಕಲಿಕೆ ಕಡಿಮೆಯಾಗುತ್ತದೆ. ಮಳೆನೀರು ಇಂಗುವ ಬಗೆಯನ್ನು ತೋರಿಸುವ ಚಿತ್ರದ ಸುತ್ತ ನವಿಲು, ಹೂಬಳ್ಳಿ ಮತ್ತು ಗಣ್ಯರ ಭಾವಚಿತ್ರಗಳಿದ್ದರೆ ಕಣ್ಣು ಇಂಗುಗುಂಡಿಯನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತದೆ.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ನಿವಾರಿಸಿಕೊಳ್ಳಬೇಕು. ಮೊದಲನೆಯದು, 'ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು' ಎಂಬ ವಿಂಗಡಣೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಹ ಸಂಶೋಧಕರು ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಹೀಗೆ ವಿಂಗಡಿಸಿ ಕಲಿಸಲು ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿದರು. 'ಇವನು ನೋಡಿ ಕಲಿಯುವ ಹುಡುಗ, ಓದು ಒಗ್ಗುವುದಿಲ್ಲ' ಎಂದು ಯಾವ ಮಗುವನ್ನೂ ಪುಸ್ತಕದಿಂದ ದೂರವಿಡಬಾರದು. ಚಿತ್ರವೂ ಮಾತೂ ಅಕ್ಷರವೂ ಎಲ್ಲ ಮಕ್ಕಳಿಗೂ ಬೇಕು.

ಎರಡನೆಯದು, ಚಿತ್ರವಿರುವ ಪುಟವನ್ನು ಮಗು ನಿರರ್ಗಳವಾಗಿ ಹೇಳಿದರೆ ಅದಕ್ಕೆ ಓದು ಬಂದಿದೆ ಎಂಬ ಭಾವನೆ. ಬಾವಿಯ ಚಿತ್ರವನ್ನು ನೋಡಿ 'ಬಾವಿ' ಎನ್ನುವುದು ಊಹೆ. ಬ, ಆಕಾರ, ವ, ಇಕಾರಗಳನ್ನು ನೋಡಿ 'ಬಾವಿ' ಎನ್ನುವುದು ಓದು. ಇವೆರಡನ್ನು ಬೇರ್ಪಡಿಸುವ ವಿಧಾನ ಸುಲಭವಾಗಿದೆ. ಮಗುವು ಮೊದಲು ನೋಡಿರದ ಕಥೆಯ ಒಂದು ಪುಟವನ್ನು ತೆಗೆದು, ಚಿತ್ರವನ್ನು ಅಂಗೈಯಿಂದ ಮುಚ್ಚಿ, ಎರಡು ಸಾಲು ಓದಿಸಬೇಕು; ಬಳಿಕ ಚಿತ್ರವನ್ನು ತೋರಿಸಿ ಕಥೆಯ ಬಗ್ಗೆ ಮಾತನಾಡಬೇಕು. 'ಮನೆ' ಎಂದಿರುವುದನ್ನು ಮಗುವು 'ಮನಿ' ಎಂದರೆ ಅದು ಮನೆಮಾತಿನ ಪ್ರಭಾವವೇ ಹೊರತು ತಪ್ಪಲ್ಲ. 'ಗುಡಿಸಲು' ಎಂದರೆ ಅದು ಊಹೆ. ಇದನ್ನು ಎಲ್ಲರ ಮುಂದೆ ಪರೀಕ್ಷೆಯಂತೆ ನಡೆಸತಕ್ಕದ್ದಲ್ಲ. ಒಮ್ಮೆ ನಗೆಪಾಟಲಿಗೀಡಾದ ಮಗುವು ಮತ್ತೆ ಗ್ರಂಥಾಲಯದ ಹೊಸ್ತಿಲನ್ನು ತುಳಿಯಲಾರದು.

4. ಪರದೆಯ ಮೇಲಿನ ಕಲಿಕೆ

ಗ್ರಾಮೀಣ ಭಾರತದ ಕುರಿತಾದ 2024ರ ಅಸರ್ ವರದಿಯಂತೆ, 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸುವುದು ತಿಳಿದಿತ್ತು. ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಕಲಿಕೆಗಾಗಿ ಬಳಸಿದವರು ಶೇ. 57ರಷ್ಟು, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76ರಷ್ಟು. ಫೋನು ಕೈಗೆ ಬಂದ ಮಾತ್ರಕ್ಕೆ ಕಲಿಕೆ ನಡೆಯುತ್ತದೆ ಎಂದು ಭಾವಿಸಲಾಗದು.

2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಕಾಗದ ಮತ್ತು ಪರದೆಯ ಓದನ್ನು ಹೋಲಿಸಿದ 54 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಮಾಹಿತಿಪೂರ್ಣ ಬರಹವನ್ನು ಕಾಗದದ ಮೇಲೆ ಓದಿದವರ ಗ್ರಹಿಕೆಯು ಪರದೆಯ ಮೇಲೆ ಓದಿದವರಿಗಿಂತ ಉತ್ತಮವಾಗಿತ್ತು. ಆದ್ದರಿಂದ ಟ್ಯಾಬ್ ಖರೀದಿಸಿದ ಕಾರಣಕ್ಕೆ ಪುಸ್ತಕ ಖರೀದಿಯನ್ನು ಕೈಬಿಡುವುದು ಸರಿಯಲ್ಲ.

ಹಾಗೆಂದು ಪರದೆಯನ್ನು ಶತ್ರುವೆಂದು ಭಾವಿಸಬೇಕಾಗಿಯೂ ಇಲ್ಲ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಮಟ್ಟಕ್ಕನುಗುಣವಾಗಿ ಉಚಿತವಾಗಿ ದೊರೆಯುತ್ತವೆ; ಅವುಗಳನ್ನು ಇಳಿಸಿಕೊಂಡು ಮುದ್ರಿಸಲೂಬಹುದು. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳನ್ನು ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಮೂಲಕ ತೆರೆಯಬಹುದು.

ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿದ್ದ ಬ್ರಿಜ್ ಕೊಠಾರಿ ಅವರು 1996ರಿಂದ ಬೆಳೆಸಿದ ಒಂದು ವಿಧಾನವು ಖರ್ಚಿಲ್ಲದೆ ಬಳಸಬಹುದಾದದ್ದು. ಚಲನಚಿತ್ರ ಗೀತೆಯನ್ನು ತೋರಿಸುವಾಗ ಅದೇ ಭಾಷೆಯ ಸಾಹಿತ್ಯವನ್ನು ಪರದೆಯ ಕೆಳಗೆ ಮೂಡಿಸಿ, ಹಾಡುತ್ತಿರುವ ಪದದ ಬಣ್ಣವನ್ನು ಬದಲಿಸುತ್ತಾ ಹೋಗುವುದೇ ಆ ವಿಧಾನ. ಹಾಡು ಮೊದಲೇ ಬಾಯಿಪಾಠವಾಗಿರುವುದರಿಂದ ಕಣ್ಣು ತಾನಾಗಿಯೇ ಪದವನ್ನು ಹಿಂಬಾಲಿಸುತ್ತದೆ. ವಿಜ್ಞಾನ ಪಾಠದ ವಿಡಿಯೊದಲ್ಲಿ ಹೇಳಿದ್ದನ್ನೆಲ್ಲ ಬರೆದು ತೋರಿಸಿದರೆ ಗಮನ ಹಂಚಿಹೋಗಬಹುದು. ಆದರೆ ಓದನ್ನೇ ಕಲಿಯುತ್ತಿರುವವರಿಗೆ ಆ ಬರಹವೇ ಪಾಠ. ಗ್ರಂಥಾಲಯದ ದೂರದರ್ಶನದಲ್ಲಿ ಕನ್ನಡ ಸಾಹಿತ್ಯ ಮೂಡುವ ಜನಪದ ಗೀತೆ, ತತ್ವಪದ ಮತ್ತು ಮಕ್ಕಳ ಹಾಡುಗಳನ್ನು ದಿನವೂ ಸ್ವಲ್ಪ ಹೊತ್ತು ಹಾಕಿದರೆ ಮಕ್ಕಳೊಂದಿಗೆ ಸ್ವಸಹಾಯ ಸಂಘದ ಮಹಿಳೆಯರಿಗೂ ಅನುಕೂಲವಾಗುತ್ತದೆ.

5. ಅರಿವು ಕೇಂದ್ರದ ಸ್ಥಾನ

2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮವು ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಇಂದು ಇವೇ ಗ್ರಂಥಾಲಯಗಳು ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತಿವೆ; ಅನೇಕ ಕಡೆ ಗಣಕಯಂತ್ರ ಮತ್ತು ದೂರದರ್ಶನ ಬಂದಿವೆ.

ಆಸ್ತಿ ತೆರಿಗೆಯೊಂದಿಗೆ ಗ್ರಾಮಸ್ಥರು ಗ್ರಂಥಾಲಯ ಕರವನ್ನೂ ಪಾವತಿಸುತ್ತಾರೆ. ಆದ್ದರಿಂದ ಅರಿವು ಕೇಂದ್ರವು ಯಾರ ಔದಾರ್ಯವೂ ಅಲ್ಲ. ಅದು ಗ್ರಾಮಸ್ಥರ ಹಣದಿಂದ ನಡೆಯುವ, ಗ್ರಾಮಸ್ಥರ ಹಕ್ಕಿನ ಸಂಸ್ಥೆ. ಕಪಾಟಿನ ಬೀಗದೊಳಗಿರುವ ಪುಸ್ತಕ ಮತ್ತು ಪ್ಲಾಸ್ಟಿಕ್ ಹೊದಿಕೆ ತೆಗೆಯದ ಗಣಕಯಂತ್ರ ಎರಡೂ ವ್ಯರ್ಥ ವೆಚ್ಚಗಳೇ. ಮಕ್ಕಳ ಪುಸ್ತಕಗಳನ್ನು ಬೆನ್ನು ಕಾಣುವಂತೆ ಒತ್ತೊತ್ತಾಗಿ ಜೋಡಿಸುವ ಬದಲು, ಮುಖಪುಟ ಕಾಣುವಂತೆ ಮಕ್ಕಳ ಎತ್ತರದಲ್ಲಿ ಇಟ್ಟರೆ ಓದಲು ಬಾರದ ಮಗುವೂ ಚಿತ್ರ ನೋಡಿ ಪುಸ್ತಕ ಆರಿಸಿಕೊಳ್ಳುತ್ತದೆ. ಇದಕ್ಕೆ ಗೋಡೆಗೆ ಕಟ್ಟಿದ ಹಗ್ಗ ಮತ್ತು ಕೆಲವು ಕ್ಲಿಪ್ಪುಗಳು ಸಾಕು.

6. ಸದಸ್ಯರ ಓದು ಮತ್ತು ಪಂಚಾಯತಿಯ ಬರಹ

ದೃಶ್ಯ ವಿಧಾನವು ಮಕ್ಕಳಿಗೆ ಮಾತ್ರ ಮೀಸಲಲ್ಲ. ಚುನಾಯಿತ ಸದಸ್ಯರಾಗಲು ಶಾಲಾ ಶಿಕ್ಷಣವು ಅರ್ಹತೆಯಲ್ಲ, ಆಗಬಾರದು ಕೂಡ. ಆದರೆ ಓದಲಾಗದ ಆಯವ್ಯಯಕ್ಕೆ ಸಹಿ ಅಥವಾ ಹೆಬ್ಬೆರಳು ಒತ್ತುವ ಸದಸ್ಯರ ಅಧಿಕಾರವು ಇನ್ನೊಬ್ಬರ ಕೈಯಲ್ಲಿರುತ್ತದೆ. ಆಯವ್ಯಯ ಮಂಡಿಸುವ ದಿನ ನೆಲದ ಮೇಲೆ 100 ಚೌಕಗಳನ್ನು ಬರೆದು, ಪ್ರತಿ ಚೌಕವು ಒಟ್ಟು ಮೊತ್ತದ ನೂರನೆಯ ಒಂದು ಪಾಲು ಎಂದು ತಿಳಿಸಿ, ನೀರಿಗೆ ಜೋಳದ ಕಾಳು, ನೈರ್ಮಲ್ಯಕ್ಕೆ ಕಡಲೆ, ಶಾಲೆ ಮತ್ತು ಗ್ರಂಥಾಲಯಕ್ಕೆ ಹುಣಸೆಬೀಜ ಇಡುತ್ತಾ ಹೋದರೆ ಯಾವ ವಿಷಯಕ್ಕೆ ಎಷ್ಟು ಎಂಬುದು ಎಲ್ಲರಿಗೂ ಕಾಣುತ್ತದೆ. ಗ್ರಾಮ ಸಹಭಾಗಿತ್ವ ಸಮೀಕ್ಷೆಯಲ್ಲಿ ರಂಗೋಲಿಯಿಂದ ಊರಿನ ನಕ್ಷೆ ಬರೆಯುವ ಪದ್ಧತಿಯೂ ಇಂಥದ್ದೇ. ಕರ್ನಾಟಕದ ಮೈರಾಡ ಸಂಸ್ಥೆಯು ಅದನ್ನು ಆರಂಭದ ದಿನಗಳಲ್ಲಿಯೇ ಬಳಸಿತು. ರಂಗೋಲಿ ಹಿಡಿದ ಕೈ ಮಹಿಳೆಯರದಾದಾಗ ನೀರಿನ ನಲ್ಲಿಯಿಲ್ಲದ ಓಣಿಯು ನಕ್ಷೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಕಾಳುಗಳನ್ನು ಗುಡಿಸಿದ ಮೇಲೆ ಉಳಿಯುವುದು ನಡಾವಳಿಯ ಬರಹ ಮಾತ್ರ. ಆದ್ದರಿಂದ ಚೌಕಗಳ ಲೆಕ್ಕವನ್ನು ನಡಾವಳಿಯಲ್ಲಿ ಅಂಕಿಗಳಲ್ಲಿ ದಾಖಲಿಸಿ, ಸಭೆ ಮುಗಿಯುವ ಮೊದಲು ಗಟ್ಟಿಯಾಗಿ ಓದಿ ಹೇಳತಕ್ಕದ್ದು.

ಪಂಚಾಯತಿಯ ಪ್ರಕಟಣೆಗಳ ಬಗ್ಗೆಯೂ ಎಚ್ಚರ ಬೇಕು. ಪ್ರಕಟಣೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ದೃಷ್ಟಿದೋಷವುಳ್ಳವರ ಫೋನು ಅದನ್ನು ಓದಿ ಹೇಳಲಾರದಿರಬಹುದು. ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತವನ್ನೂ ಹುಡುಕಲಾಗುವುದಿಲ್ಲ. ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ, ಚಿತ್ರದೊಂದಿಗೆ ಪಠ್ಯವನ್ನೂ ಕಳುಹಿಸಿದರೆ ಫೋನು ಅದನ್ನು ಧ್ವನಿಯಾಗಿ ಓದಬಲ್ಲದು. ಕೆಂಪು ಮತ್ತು ಹಸಿರಿನ ಭೇದ ಕಾಣದವರೂ ಇರುವುದರಿಂದ ನಕ್ಷೆಗಳಲ್ಲಿ ಬಣ್ಣದ ಜೊತೆ ಗುರುತೂ ಇರಬೇಕು. ಗೋಡೆ ಬರಹಕ್ಕೆ ಒಂದು ಸರಳ ಲೆಕ್ಕವಿದೆ: ಓದುವವರು 10 ಅಡಿ ದೂರ ನಿಲ್ಲುವುದಾದರೆ ಅಕ್ಷರ 1 ಅಂಗುಲ, 30 ಅಡಿಯಾದರೆ 3 ಅಂಗುಲ ಎತ್ತರವಿರಬೇಕು. ಕನ್ನಡದಲ್ಲಿ ಒತ್ತಕ್ಷರಕ್ಕಾಗಿ ಸಾಲುಗಳ ನಡುವೆ ಹೆಚ್ಚಿನ ಜಾಗವನ್ನೂ ಬಿಡಬೇಕು.

7. ಗ್ರಾಮ ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

1) ಶಾಲೆ ಮತ್ತು ಅಂಗನವಾಡಿಗಳ ಗೋಡೆ ಬರಹಕ್ಕೆ ಮಂಜೂರಾತಿ ನೀಡುವ ಮುನ್ನ ಕರಡು ಬರಹವನ್ನು ಮುಖ್ಯ ಶಿಕ್ಷಕರಿಂದ ತಿದ್ದಿಸುವುದು. ಗೋಡೆಯ ಮೇಲಿನ ಒಂದು ಕಾಗುಣಿತ ದೋಷವು ವರ್ಷಗಟ್ಟಲೆ ಮಕ್ಕಳಿಗೆ ತಪ್ಪನ್ನೇ ಕಲಿಸುತ್ತದೆ.

2) ಚಿತ್ರಗಳಲ್ಲಿ ಸ್ಥಳೀಯ ವಸ್ತುಗಳಿರುವಂತೆ ನೋಡಿಕೊಳ್ಳುವುದು. ಸೇಬು ಮತ್ತು ಹಿಮಮನುಷ್ಯನ ಬದಲು ಸಜ್ಜೆಯ ತೆನೆ, ಭತ್ತದ ಗದ್ದೆ, ಇಟಗಿಯ ಮಹಾದೇವ ದೇವಾಲಯ, ಕಿನ್ನಾಳದ ಗೊಂಬೆ ಇರಲಿ. ಸಾಧ್ಯವಿರುವಲ್ಲಿ ಕಿನ್ನಾಳದ ಚಿತ್ರಗಾರರಿಗೇ ಈ ಕೆಲಸ ಸಿಗಲಿ.

3) ಅರಿವು ಕೇಂದ್ರದಲ್ಲಿ ವಾರಕ್ಕೊಮ್ಮೆ ಗಟ್ಟಿ ಓದಿನ ಅವಧಿಯನ್ನು ನಿಗದಿಪಡಿಸಿ, ಸದಸ್ಯರು ಸರದಿಯ ಮೇಲೆ ಹಾಜರಿರುವುದು. ಓದು ಬಾರದ ಸದಸ್ಯರು ಕಥೆ ಹೇಳಬಹುದು. ಮಕ್ಕಳು ಅದನ್ನು ಚಿತ್ರವಾಗಿ ಬರೆದು, ಕೆಳಗೆ ಒಂದು ಸಾಲು ಸೇರಿಸಬಹುದು.

4) ಗುಳೆಯಿಂದ ಹಿಂತಿರುಗಿದ ಮಕ್ಕಳ ಪಟ್ಟಿಯನ್ನು ಶಾಲೆಯೊಂದಿಗೆ ಹಂಚಿಕೊಂಡು, ಅವರಿಗೆ ಅರಿವು ಕೇಂದ್ರದ ಸದಸ್ಯತ್ವವನ್ನು ಕೂಡಲೇ ನೀಡುವುದು.

5) ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ 'ಮಕ್ಕಳ ಸ್ನೇಹಿ ಗ್ರಾಮ' ವಿಷಯದಡಿ ಪುಸ್ತಕ ಖರೀದಿ ಮತ್ತು ಉಪಕರಣಗಳ ನಿರ್ವಹಣೆಗೆ ನಿಯಮಾನುಸಾರ ಮೊತ್ತವನ್ನು ಕಾದಿರಿಸುವುದು. ಮಕ್ಕಳ ಗ್ರಾಮ ಸಭೆಯಲ್ಲಿ ಬಂದ ಬೇಡಿಕೆಗಳಿಗೆ ಮುಂದಿನ ಸಾಮಾನ್ಯ ಸಭೆಯಲ್ಲಿ ಉತ್ತರ ದಾಖಲಿಸುವುದು.

8. ಚರ್ಚೆಗಾಗಿ ಪ್ರಶ್ನೆಗಳು

ಅ) ನಿಮ್ಮ ಗ್ರಾಮದ ಸೂಚನಾ ಫಲಕವನ್ನು ಹತ್ತು ಅಡಿ ದೂರದಿಂದ ಓದಲು ಸಾಧ್ಯವೇ? ಅದರಲ್ಲಿರುವುದು ಯಾವ ತಿಂಗಳ ಮಾಹಿತಿ?

ಆ) ಅರಿವು ಕೇಂದ್ರದಿಂದ ಕಳೆದ ತಿಂಗಳು ಎಷ್ಟು ಮಕ್ಕಳು ಪುಸ್ತಕ ಮನೆಗೆ ಒಯ್ದರು? ಅವರಲ್ಲಿ ಹೆಣ್ಣುಮಕ್ಕಳು ಎಷ್ಟು? ತಾಂಡಾ ಮತ್ತು ಕ್ಯಾಂಪಿನ ಮಕ್ಕಳು ಎಷ್ಟು?

ಇ) ಕಳೆದ ಆಯವ್ಯಯದ 100 ಚೌಕಗಳಲ್ಲಿ ಓದು ಮತ್ತು ಕಲಿಕೆಗೆ ಎಷ್ಟು ಚೌಕಗಳು ಸಂದಿವೆ?

ಈ) ಚಿತ್ರವನ್ನು ಮುಚ್ಚಿದಾಗ ಎರಡು ಸಾಲನ್ನು ಓದಬಲ್ಲ ಐದನೆಯ ತರಗತಿಯ ಮಕ್ಕಳು ನಿಮ್ಮ ವಾರ್ಡಿನಲ್ಲಿ ಎಷ್ಟು ಮಂದಿ? ಶಿಕ್ಷಕರೊಂದಿಗೆ ಕುಳಿತು ತಿಳಿದುಕೊಳ್ಳಿ.

ಸಾರಾಂಶ

ಚಿತ್ರವು ಕಲಿಕೆಯ ಬಾಗಿಲನ್ನು ತೆರೆಯುತ್ತದೆ. ಒಳಗೆ ನಡೆಯಲು ಅಕ್ಷರವೇ ಬೇಕು. ಗೋಡೆ, ಪುಸ್ತಕ, ಪರದೆ ಈ ಮೂರನ್ನೂ ಮಗುವು ಓದಿನ ಕಡೆಗೆ ಸಾಗುವಂತೆ ಜೋಡಿಸಿದಲ್ಲಿ ವೆಚ್ಚವು ಸಾರ್ಥಕವಾಗುತ್ತದೆ. ಕೇವಲ ನೋಡುವುದಕ್ಕೆ ಒಗ್ಗಿದ ಮಗುವು ನಾಳೆ ಸಾಲದ ಪತ್ರದ ಮುಂದೆ, ಆಸ್ಪತ್ರೆಯ ಚೀಟಿಯ ಮುಂದೆ, ಇದೇ ಪಂಚಾಯತಿಯ ನಡಾವಳಿ ಪುಸ್ತಕದ ಮುಂದೆ ಮತ್ತೊಬ್ಬರ ಮುಖವನ್ನು ನೋಡಬೇಕಾಗುತ್ತದೆ. ಈ ಪಾಠದ ಮೇಲಿನ ಚರ್ಚೆಯನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಕೊನೆಯ ಸಾಲಿಗೆ ಬಿಡದೆ, ಮೊದಲ ವಿಷಯಗಳಲ್ಲಿ ಒಂದಾಗಿ ಸೇರಿಸಿಕೊಳ್ಳುವುದು ಸೂಕ್ತವಾಗಿರುತ್ತದೆ.